ಬಿಸಿ ಕಾಣದ ಕೂಳಿ

ನನ್ನ ಗಂಡ ಉರ್ಪೊನಂಥ ಒಳ್ಳೆಯ ಮನಸ್ಸಿನ ದಡ್ಡ ಇಡೀ ಫಿನ್‌ಲ್ಯಾಂಡಿನಲ್ಲಿ ಇನ್ನೊಬ್ಬನಿಲ್ಲ. ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

ನನ್ನ ಅಕ್ಕ ಹಿಲ್ಕಾ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಅಪ್ಪನ ಕೆರೆಯನ್ನೇ ಕಟ್ಟಿಕೊಂಡಳು. ಅದರಲ್ಲಿ ಏಡಿಯಂತೆ ಇಕ್ಕಳವಿರುವ ನಮ್ಮ ನಾಡಸೀಗಡಿಗಳಿದ್ದವು. ಅಪ್ಪನ ಕಾಲದಲ್ಲಿ ಸೀಗಡಿಮಾರಿ ಬಂದು ಸುತ್ತಲಿನ ನೀರೆಲ್ಲ ಬರಿದಾದಾಗ ಇಲ್ಲಿ ಮಾತ್ರ ಒಂದಿಷ್ಟು ತಡೆದುಕೊಂಡು ಉಳಿದವು. ಅವುಗಳ ಸಂತತಿಯನ್ನು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಈಚೆಗೆ ಮೇಲಿನ ಕೆರೆಗೂ ಮರಿ ಬಿಟ್ಟಿದ್ದಳು. ಯಾರೇ ಸೀಗಡಿ ಹಿಡಿಯುವ ಕೂಳಿ ತಂದರೂ ಅದರ ತೇವದಲ್ಲಿ ಮಾರಿ ಬರಬಾರದೆಂದು ಅದು ಮೊದಲು ಅವಳ ಸೌನಾದ, ಎಂದರೆ ಬಿಸಿಸ್ನಾನದ ಕೋಣೆಯ, ಬಿಸಿಯಲ್ಲಿ ಗರಿಗರಿಯಾಗಿ ಒಣಗಬೇಕು. ನೆಂಟರಿಗಿಂತ ಮುಂಚೆ ಕೂಳಿಗಳಿಗೇ ಸ್ನಾನ ಎಂದು ಎಲ್ಲರೂ ನಗುತ್ತಿದ್ದರು.

ಆಗಸ್ಟ್‌ನಲ್ಲಿ ಅವಳ ಹುಟ್ಟುಹಬ್ಬ, ಸಬ್ಬಸಿಗೆ ಹಾಕಿ ಸೀಗಡಿ ಬೇಯಿಸುವ ಔತಣ. ಉರ್ಪೊ ದಕ್ಷಿಣದ ಸರೋವರದಲ್ಲಿ ಅಮೆರಿಕದ ಜಾತಿಯ ಸೀಗಡಿ ಹಿಡಿದಿದ್ದ ಕೂಳಿಗಳನ್ನು ಹಸಿಹಸಿಯಾಗಿಯೇ ತಂದು, ಅಕ್ಕನಿಗೆ ಹೇಳದೆ ಕೆರೆಗೆ ಬಿಟ್ಟ. ಅವಳನ್ನು ಖುಷಿಪಡಿಸಬೇಕಿತ್ತಂತೆ!

ಅಕ್ಕ ನೋಡಿದವಳೇ ಕೂಗಿದಳು. “ಬಿಸಿಗೆ ಇಟ್ಟಿದ್ಯೇನೋ ಇವನ್ನ?”

“ಯಾಕತ್ತಿಗೆ? ನಿಮ್ಮವು ಗಟ್ಟಿಪಿಂಡಗಳು, ಮಾರಿಗೇ ಜಗ್ಗಲಿಲ್ಲ ಅಂತ ನೀವೇ ಹೇಳ್ತಿದ್ರಲ್ಲ!”

“ಅಯ್ಯೋ ಮಂಕೇ! ಇವು ತಡ್ಕೊಂಡಿದ್ದು ಹಳೇ ಮಾರೀನ. ಆ ಅಮೆರಿಕದವು ಮೈಮೇಲೆ ಹೊತ್ಕೊಂಡು ತಿರುಗೋದು ಬೇರೇನೇ ಮಾರಿ. ಅವಕ್ಕೇನೂ ಆಗಲ್ಲ, ನಮ್ಮವು ಉಳಿಯಲ್ಲ.”

“ಬಿಡಿ ಅತ್ತಿಗೆ, ಒಂದ್ಸಲಕ್ಕೆ ಏನಾಗತ್ತೆ?”

ಏನಾಯಿತೆಂದು ಸೆಪ್ಟೆಂಬರ್‌ನಲ್ಲಿ ನೋಡಿದೆವು. ಕತ್ತಲಲ್ಲಷ್ಟೇ ಹೊರಬರುವ ಸೀಗಡಿಗಳು ಹಾಡಹಗಲೇ ತಡವರಿಸುತ್ತ ದಡಕ್ಕೆ ಬಂದವು. ಕೈಗೆತ್ತಿಕೊಂಡರೆ ಇಕ್ಕಳ ಎತ್ತಲೂ ತ್ರಾಣವಿಲ್ಲ. ವಾರದೊಳಗೆ ದಡದ ತುಂಬ ಹೆಣ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ಆ ಕೋತಿಯನ್ನು ಕಟ್ಟಿಕೊಂಡವಳು ನಾನು! ನಾನು ಅತ್ತುಬಿಟ್ಟೆ. ಅಕ್ಕ ಅಳಲಿಲ್ಲ. ಸೌನಾಕ್ಕೆ ಸೌದೆ ತುಂಬಿ ಬೆಂಕಿ ಹಚ್ಚಿದಳು. ಕೂಳಿ, ಹುಟ್ಟು, ಹಗ್ಗ, ತನ್ನ ಬೂಟು, ಎಲ್ಲವನ್ನೂ ಒಣಗಲು ಒಳಗಿಟ್ಟಳು.

“ಇನ್ಯಾಕತ್ತಿಗೆ ಇದೆಲ್ಲ? ಹೋಗಿದ್ದು ಹೋಯ್ತಲ್ಲ,” ಎಂದ ಉರ್ಪೊ, ಕೆರೆಯಿಂದ ಆಗಷ್ಟೇ ಹತ್ತಿ ಬಂದವನು. “ನಾನು ಮೇಲಿನ ಕೆರೆಗೂ ಒಂದ್ಸಲ ಇಳಿದು ನೋಡ್ಕೊಂಡು ಬರ್ತೀನಿ, ಅಲ್ಲಾದ್ರೂ ಚೆನ್ನಾಗಿದಾವೋ ಏನೋ.”

ಅಕ್ಕ ಅವನ ಕಾಲು ನೋಡಿದಳು. ಬೂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಬಿಚ್ಚೋ!” ಎಂದು ಅರಚಿದಳು. “ಬಿಚ್ಚೋ ಅಂದ್ರೆ! ಮೇಲಿನ ಕೆರೇವಾದ್ರೂ ಬದುಕ್ಲಿ!”

ಅವನು ಬರಿಗಾಲಲ್ಲಿ ಬಂದು ಕಾರು ಹತ್ತಿದ. ಮನೆ ಮುಟ್ಟುವವರೆಗೂ ನಾನು ಅವನ ಮುಖ ನೋಡಲಿಲ್ಲ.