ಗಂಗವ್ವನ ಗುರುತು

ನಾನು ನೀರಿಗೆ ಹೆದರುವ ಹೆಂಗಸು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ತವರುಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಆ ನೀರಾದರೂ ಮರ್ಯಾದಸ್ಥ ನೀರು. ನೋಟೀಸು ಕೊಟ್ಟು, ಗೋಡೆಗೆ ನಂಬರು ಬರೆಸಿ, ಸಾಮಾನು ಕಟ್ಟಿಕೊಳ್ಳಲು ಪುರುಸೊತ್ತು ಕೊಟ್ಟು ಬಂತು. ನಾವು ವಿದ್ಯಾಗಿರಿಗೆ ಬಂದೆವು. ಆದರೂ ನಮ್ಮ ಅಡುಗೆಮನೆಯ ಕಿಟಕಿ ನೀರೊಳಗೆ ಇಳಿದದ್ದನ್ನು ದೂರದಿಂದ ನೋಡಿದವಳು ನಾನು. ಮುಂದೆ ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ಬದಿಯ ಒಂದು ಊರಿಗೆ ಮದುವೆಯಾಗಿ ಬಂದಾಗ, ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲು ಹೊಳೆ ಎಷ್ಟು ದೂರವಿದೆ ಎಂದು ನೋಡಿದ್ದೆ.

ಹೊಳೆ ದೂರವಿತ್ತು. ನಡುವೆ ತೊಗರಿ, ಸೂರ್ಯಕಾಂತಿಯ ಹೊಲಗಳು. ಮನೆಯ ಹಿಂದೆ ಒಂದು ಹಳ್ಳ. ವರ್ಷದ ಹೆಚ್ಚಿನ ದಿನ ಆಡುಗಳು ಗೊರಸು ತೋಯಿಸಿಕೊಳ್ಳದೆ ದಾಟುವಂಥದ್ದು. ನನಗೆ ಸಮಾಧಾನವಾಯಿತು. ಊರ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸವೂ ಸಿಕ್ಕಿತು.

ಪಡಸಾಲೆಯ ಬಾಗಿಲ ಪಕ್ಕದ ಗೋಡೆಯ ಮೇಲೆ, ನನ್ನ ಮೊಳಕಾಲಿನ ಮಟ್ಟಕ್ಕೆ, ಒಂದು ಅರಿಷಿಣ ಕುಂಕುಮದ ಬೊಟ್ಟು ಇತ್ತು. ಪ್ರತಿ ಶುಕ್ರವಾರ ಅತ್ತೆ ಹೊಸ್ತಿಲಿಗೆ ಹಚ್ಚಿದ ಮೇಲೆ ಅದಕ್ಕೂ ಒಂದಿಷ್ಟು ಹಚ್ಚುತ್ತಿದ್ದರು. ಏನೆಂದು ಕೇಳಿದರೆ "ಗಂಗವ್ವಂದು" ಎಂದರು. ನಮ್ಮ ಕಡೆ ಕಲ್ಲು, ಕಂಬ, ಒರಳು, ಎಲ್ಲಕ್ಕೂ ಕುಂಕುಮವೇ. ಮುಂದೆ ಕೇಳುವ ಗೋಜಿಗೆ ನಾನು ಹೋಗಲಿಲ್ಲ.

ಮನೆಗೆ ವಿಮೆ ಮಾಡಿಸಬೇಕೆಂದು ಗಂಟುಬಿದ್ದವಳೂ ನಾನೇ. ನನ್ನ ಗಂಡ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಮಷೀನು ನೋಡಿಕೊಳ್ಳುತ್ತಾರೆ. ಅವರಿಗೆ ನಗು.

"ಗಾಡಿಗೆ ವಿಮಾ ಇರತೈತಿ. ಮನಿಗೇನು ಗಾಲಿ ಅದಾವೇನು?"

"ಹೊಳಿ ಬಂದ್ರ ಗಾಲಿ ತಾನಾ ಬರ್ತಾವ, ಸುಮ್ಮನ ನಡೀರಿ" ಎಂದು ನಾನು ಒಂದು ಶನಿವಾರ ಸಂಜೆ ಇಳಕಲ್ಲಿನ ಏಜೆಂಟರ ಅಂಗಡಿಗೆ ಎಳೆದುಕೊಂಡು ಹೋದೆ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ಹಿಂದೆ ಮನೆಗೆ ಪ್ರವಾಹದ ನೀರು ನುಗ್ಗಿದೆಯೇ? ಗಂಡನಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಹಾಸ್ಟೆಲ್ಲು, ಆಮೇಲೆ ಹೊರಗಿನ ಕೆಲಸ. ಏಜೆಂಟರು ಒಳ್ಳೆಯವರು, "ಮನ್ಯಾಗ ಹಿರ್ಯಾರನ್ನ ಕೇಳಿ ಬರೀರಿ" ಎಂದರು. ನಾನು ಅಲ್ಲಿಂದಲೇ ಅತ್ತೆಗೆ ಫೋನು ಹಚ್ಚಿದೆ.

"ಅತ್ತೀ, ನಮ್ಮ ಮನಿಗೆ ಎಂದರ ಹೊಳಿ ಬಂದಿತ್ತೇನ್ರಿ?"

"ಬಿಡ್ತು ಅನ್ನು! ನಮ್ಮ ಮನಿಗೆ ಯಾಕ ಹೊಳಿ ಬರ್ತೈತಿ? ಸಂಜೀಮುಂದ ಏನ್ ಮಾತಾಡ್ತಿ!"

ನಾನು "ಇಲ್ಲ" ಎಂಬುದಕ್ಕೆ ಗುರುತು ಹಾಕಿದೆ. ಸಹಿ ಮಾಡಿ, ಹೊರಗೆ ಬಂದು ಗಂಡನಿಗೆ ಗಿರಮಿಟ್ಟು ತಿನ್ನಿಸಿದೆ. ಎಷ್ಟೋ ವರ್ಷಗಳ ಮೇಲೆ ಮೈ ಹಗುರಾಗಿತ್ತು.

ಮುಂದಿನ ಶ್ರಾವಣದಲ್ಲಿ ನಮ್ಮೂರಲ್ಲಿ ಒಂದು ಹನಿ ಮಳೆಯಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಇಲ್ಲಿನ ಹೊಳೆಯ ಭಯವೇ ಅದು: ಮಳೆ ಎಲ್ಲೋ ಮೇಲೆ ಬೀಳುತ್ತದೆ, ಅಣೆಕಟ್ಟು ತುಂಬುತ್ತದೆ, ನಾವಿಲ್ಲಿ ಬಿಸಿಲಿನಲ್ಲಿ ಹಪ್ಪಳ ಒಣಗಿಸುತ್ತಿರುವಾಗ ನೀರು ಹೊರಟು ಬರುತ್ತದೆ. ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಪಂಚಾಯಿತಿಯ ಆಟೋ ಮೈಕಿನಲ್ಲಿ ಕೂಗುತ್ತಾ ಹೋಯಿತು. "ಮ್ಯಾಲಿಂದ ನೀರು ಬಿಟ್ಟಾರ್ರಿ. ಹೊಳಿ ದಂಡಿ ಮಂದಿ ಎತ್ತರಕ್ಕ ಹೋಗ್ರಿ." ಹೊಳೆ ದಂಡೆಯವರು ನಾವಲ್ಲವಲ್ಲ ಎಂದುಕೊಂಡು ಹಿತ್ತಲಿಗೆ ಹೋದೆ.

ಹಳ್ಳದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕೊಡ ತೇಲುತ್ತಿತ್ತು. ಹೊಳೆಯ ಕಡೆಗಲ್ಲ, ಊರ ಕಡೆಗೆ. ಒಂದು ಗಳಿಗೆ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಹೊಳೆ ತುಂಬಿದಾಗ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತನ್ನ ನೀರನ್ನೇ ಅದರೊಳಗೆ ನುಗ್ಗಿಸುತ್ತದೆ. ನಾನು ಇಷ್ಟು ವರ್ಷ ಹೊಳೆಯ ದೂರ ಅಳೆದೆ, ಹಳ್ಳ ಎಷ್ಟು ಹತ್ತಿರ ಎಂದು ಅಳೆಯಲಿಲ್ಲ. ನೋಡುತ್ತಿದ್ದಂತೆ ನೀರು ಬಟ್ಟೆ ಒಗೆಯುವ ಕಲ್ಲನ್ನು ಮುಚ್ಚಿತು. ಸದ್ದೇ ಇಲ್ಲದೆ ಬರುತ್ತಿತ್ತು, ಅದೇ ನನಗೆ ಹೆಚ್ಚಿನ ದಿಗಿಲು.

ಒಳಗೆ ಓಡಿಬಂದರೆ ಅತ್ತೆ ಹೊಸ್ತಿಲ ಮುಂದೆ ಕೂತಿದ್ದಾರೆ. ಮೊರದಲ್ಲಿ ಅಕ್ಕಿ, ಗುಳೇದಗುಡ್ಡದ ಹಸಿರು ಖಣ, ತೆಂಗಿನಕಾಯಿ, ಅರಿಷಿಣದ ಕೊಂಬು. ಹೊಳೆಗೆ ಉಡಿ ತುಂಬುವ ಸಿದ್ಧತೆ!

"ಅತ್ತೀ, ಏಳ್ರಿ! ನೀರು ಹಿತ್ತಲಕ್ಕ ಬಂದೈತಿ!"

"ಬರಲಿ ಬಿಡು ಯವ್ವಾ. ಉಡಿ ತುಂಬಿಸ್ಕೊಂಡು ಹೋಗ್ತಾಳ. ಹೋದ ಸಲಾನೂ ಹಂಗ ಹೋದ್ಲು."

"ಹೋದ ಸಲ? ಯಾವ ಸಲಾರೀ?"

ಅತ್ತೆ ಗೋಡೆಯ ಬೊಟ್ಟಿನ ಕಡೆ ಕೈ ತೋರಿಸಿದರು. "ಅಲ್ಲಿತನಕ ಬಂದಿದ್ಲು. ನೀ ಇನ್ನಾ ಈ ಮನಿಗೆ ಬಂದಿದ್ದಿಲ್ಲ."

"ನಾ ಫೋನಿನ್ಯಾಗ ಕೇಳಿದ್ರ ಇಲ್ಲ ಅಂದ್ರಲ್ರಿ!"

"ನೀ ಹೊಳಿ ಬಂದಿತ್ತೇನು ಅಂದಿ. ಹೊಳಿ ಬಂದ್ರ ಮನಿ ಉಳೀತೈತೇನು? ಇಕಿ ಗಂಗವ್ವ. ಬಂದ್ಲು, ಉಡಿ ತುಂಬಿಸ್ಕೊಂಡ್ಲು, ಹೋದ್ಲು."

ಆಗ ತಿಳಿಯಿತು. ಈ ಮನೆಯಲ್ಲಿ ಹೊಳೆ ಬಂತು ಎಂದರೆ ಸರ್ವನಾಶ. ಏನನ್ನೂ ಕೆಡವದೆ ಹೋದ ನೀರು ಅತಿಥಿ. ಅತಿಥಿ ಬಂದು ಹೋದದ್ದನ್ನು ಯಾರು ಅರ್ಜಿಯಲ್ಲಿ ಬರೆಸುತ್ತಾರೆ? ಕನ್ನಡ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಒಂದು ಪದ ತಪ್ಪಾಗಿ ಕೇಳಿದ್ದೆ. ಹಿಂದಿನಿಂದ ನೀರು ಬರುತ್ತಿತ್ತು, ಇಳಕಲ್ಲಿನಲ್ಲಿ ನಾನು ಸಹಿ ಮಾಡಿದ ಸುಳ್ಳು ಕೂತಿತ್ತು. ಯಾವುದಕ್ಕೆ ಮೊದಲು ಹೆದರಬೇಕೆಂದು ತಿಳಿಯದೆ ನಾನು ಜೋರಾಗಿ ಅತ್ತುಬಿಟ್ಟೆ. ಅಳು ಕೇಳಿಯೇ ಅತ್ತೆ ಎದ್ದದ್ದು. ಮೊರವನ್ನು ಹೊಸ್ತಿಲ ಮೇಲೆ ಬಿಟ್ಟು, ಇಬ್ಬರೂ ಕೈ ಹಿಡಿದುಕೊಂಡು ಶಾಲೆಯ ದಿಬ್ಬ ಹತ್ತಿದೆವು. ಕೊನೆಯ ಓಣಿ ದಾಟುವಾಗ ನೀರು ನನ್ನ ಮೀನಖಂಡಕ್ಕಿತ್ತು.

ಮೂರು ದಿನಕ್ಕೆ ನೀರು ಇಳಿಯಿತು. ಮನೆ ನಿಂತಿತ್ತು. ಬದುಕಿದೆವು ಎಂದುಕೊಂಡೆ. ಆದರೆ ನಮ್ಮದು ಕಲ್ಲು, ಮಣ್ಣಿನ ಗೋಡೆ. ನೀರಿನಲ್ಲಿ ನಿಂತಾಗ ಬೀಳದ್ದು ಬಿಸಿಲಿಗೆ ಒಣಗುವಾಗ ಬಿತ್ತು. ನಾನು ಅಂಗಳದಲ್ಲಿ ಹಾಸಿಗೆ ಹರವುತ್ತಿದ್ದಾಗ ಹಿಂದಿನ ಕೋಣೆ ಧಡ್ಡನೆ ಕುಸಿಯಿತು. ಅರ್ಧ ಗಂಟೆಯ ಹಿಂದೆ ಅತ್ತೆ ಅದರೊಳಗೆ ಕೆಸರು ಬಳಿದು ಹೊರಹಾಕುತ್ತಿದ್ದರು.

ನಷ್ಟ ನೋಡಲು ವಿಮೆಯವರು ಬರುವ ದಿನ, ಗಂಡ ನನ್ನ ಕೈಗೆ ಒದ್ದೆ ಬಟ್ಟೆ ಕೊಟ್ಟರು. ಗೋಡೆಯ ಮೇಲೆ ಈಗ ಎರಡು ಬೊಟ್ಟು. ತೊಡೆಯ ಮಟ್ಟಕ್ಕೆ ಹೊಸದೊಂದನ್ನು ಅತ್ತೆ ಆಗಲೇ ಹಚ್ಚಿದ್ದರು. ಮೊಳಕಾಲ ಮಟ್ಟದ ಹಳೆಯದರ ಕುಂಕುಮ ತೊಳೆದುಹೋಗಿದ್ದರೂ ಅರಿಷಿಣ ಸುಣ್ಣಕ್ಕೆ ಇಳಿದು ಗಟ್ಟಿಯಾಗಿತ್ತು.

"ಕೆಳಗಿಂದು ಒರಸಿಬಿಡು. ಕೇಳಿದ್ರ ಇದ ಮೊದಲನೇ ಸಲ ಅಂತ ಹೇಳೂಣು."

ನಾನು ಕೂತು ಉಜ್ಜಲು ಶುರುಮಾಡಿದೆ. ಹೌದು, ಮಾಡಿದೆ. ಅತ್ತೆ ಬಂದು ನಿಂತರು. ಸಿಟ್ಟು ಮಾಡಲಿಲ್ಲ.

"ಅದನ್ನ ಅಳಿಸಿದ್ರ, ಇನ್ನೊಮ್ಮಿ ಬಂದಾಗ ಎಷ್ಟು ಎತ್ತರಕ್ಕ ಹೋಗಬೇಕಂತ ಮಕ್ಕಳಿಗೆ ಹ್ಯಾಂಗ ತಿಳೀತೈತಿ ಯವ್ವಾ?"

ನಾನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದೆ.

ಬಂದವರು ಟೇಪು ಹಿಡಿದು ಎಲ್ಲ ಅಳೆದರು. ಕೊನೆಗೆ, "ಹಿಂದ ಎಂದರ ಮನ್ಯಾಗ ನೀರು ಬಂದಿತ್ತೇನ್ರಿ?" ಎಂದರು. ನೀರು ಎಂದರು, ಹೊಳೆ ಎನ್ನಲಿಲ್ಲ. ಗಂಡ ಬಾಯಿ ತೆರೆದಿದ್ದರು. ನಾನೇ ಹೇಳಿದೆ. "ಬಂದಿತ್ರಿ. ಅರ್ಜ್ಯಾಗ ಇಲ್ಲ ಅಂತ ಗುರುತು ಹಾಕಿದಾಕಿ ನಾನ." ಅವರು ನನ್ನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ಬರೆದುಕೊಂಡರು.

ಮೊದಲು ನೀರು ಬಂದದ್ದನ್ನು ತಿಳಿಸದ ಕಾರಣ ಪರಿಹಾರ ಕೊಡಲಾಗದು ಎಂದು ಪತ್ರ ಬಂತು. ಗಂಡ ಎಂಟು ದಿನ ತಲೆ ಎತ್ತದೆ ರೊಟ್ಟಿ ತಿಂದರು. ಅವರನ್ನು ದೂರುವುದಿಲ್ಲ. ಹೌದು ಎಂದು ಬರೆದಿದ್ದರೆ ಕಂತು ಒಂದಿಷ್ಟು ಹೆಚ್ಚಾಗುತ್ತಿತ್ತು, ಅಷ್ಟೇ. ಇವತ್ತು ಕೋಣೆ ಎದ್ದಿರುತ್ತಿತ್ತು. ಹೊಸ ಅರ್ಜಿಯಲ್ಲಿ ಹೌದು ಎಂದು ಬರೆದೆ, ಎರಡು ಸಲ ಎಂದು ಪಕ್ಕದಲ್ಲಿ ಸೇರಿಸಿದೆ.

ಹಿಂದಿನ ಕೋಣೆಯನ್ನು ಮತ್ತೆ ಕಟ್ಟಲು ಗೌಂಡಿ ಬಂದದ್ದು ಒಂದು ಶುಕ್ರವಾರ. ನೆಲ ಎಷ್ಟು ಎತ್ತರ ಇಡಲಿ ಎಂದು ಕೇಳಿದ. ಎರಡನೆಯ ಬೊಟ್ಟಿನ ಮಟ್ಟಕ್ಕೆ ಎಂದು ನಾನು ಹೇಳುತ್ತಿದ್ದೆ. ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದು, ಬಗ್ಗಿ ಕೆಳಗಿನದಕ್ಕೆ ಹಚ್ಚಿದರು, ಮೇಲಿನದಕ್ಕೆ ಹಚ್ಚಿದರು. ಆಮೇಲೆ ನೆಟ್ಟಗೆ ನಿಂತು, ತಮ್ಮ ಎದೆಯ ಮಟ್ಟಕ್ಕೆ, ಬರಿ ಗೋಡೆಯ ಮೇಲೆ ಮೂರನೆಯದೊಂದು ಇಟ್ಟರು.

"ಇದ ಯಾವಾಗಿಂದ್ರಿ ಅತ್ತೀ?" ಎಂದೆ.

"ಇಲ್ಲಿತನಕ ಇನ್ನಾ ಬಂದಿಲ್ಲ" ಎಂದರು.

ಗೌಂಡಿ ನನ್ನ ಮುಖ ನೋಡಿದ. ಆತ ಟೇಪು ಬಿಚ್ಚಿ, ಆ ಮೂರನೆಯ ಬೊಟ್ಟಿನಿಂದ ನೆಲದವರೆಗೆ ಹಿಡಿದ.