ಒಡ್ಡಿನಿಂದ ಹಿತ್ತಲಿಗೆ ಬಂದ ಕಲ್ಲು

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಎಲ್ಲರ ಮನೆಯಲ್ಲೂ ಇರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನಬೇಡಿ. ನಮ್ಮದರ ಮೇಲೆ ನನ್ನ ಹೆಸರಿದೆ. ಹೆಸರಿನ ಹಿಂದೆ ಶ್ರೀಯುತ, ಮುಂದೆ ಬಿ.ಎಸ್ಸಿ., ಬಿ.ಎಡ್. ಮಳವಳ್ಳಿಯ ಕಲ್ಲುಕುಟಿಗ ಅಷ್ಟನ್ನೂ ಮೂರು ತಲೆಮಾರಿಗೆ ಸವೆಯದಷ್ಟು ಆಳವಾಗಿ ಕೊರೆದುಕೊಟ್ಟಿದ್ದಾನೆ. ಆ ಬಿರುದು ಬಾವಲಿಗಳ ಮೇಲೆ ನನ್ನ ಹೆಂಡತಿ ಜಯಮ್ಮ ವಾರಕ್ಕೆ ಮೂರು ಸಲ ನನ್ನವೇ ಪಂಚೆ, ಅಂಗಿಗಳನ್ನು ಬಡಿಯುತ್ತಾಳೆ. ಆ ಬಡಿತದಲ್ಲಿ ಕೊಳೆ ಹೋಗಲು ಬೇಕಾದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಉತ್ಸಾಹವಿದೆಯೆಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ.

ಆ ಕಲ್ಲು ಹಿತ್ತಲಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು ಅದು ವೈದ್ಯನಾಥಪುರದಾಚೆ, ಶಿಂಷೆಗೆ ಸೇರುವ ಹಳ್ಳಕ್ಕೆ ಅಡ್ಡಲಾಗಿ ನಾನು ಕಟ್ಟಿಸಿದ್ದ ಒಡ್ಡಿನ ನೆತ್ತಿಯಲ್ಲಿ ವಿರಾಜಮಾನವಾಗಿತ್ತು. ನೀವು ಮಂಡ್ಯದ ಸೀಮೆಯವರಾಗಿದ್ದರೆ ನಾನೇಕೆ ಒಡ್ಡು ಕಟ್ಟಿಸಿದೆನೆಂದು ಕೇಳುವುದೇ ಇಲ್ಲ. ನಮ್ಮ ಕಡೆ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಅಣೆಕಟ್ಟೆಯ ಪಟವೂ ಇರುತ್ತದೆ. ಊದಿನಕಡ್ಡಿ ಬೆಳಗುವ ಕೈ ಅದಕ್ಕೂ ಒಂದು ಸುತ್ತು ಬರುತ್ತದೆ. ನೀರು ಕಟ್ಟಿ ನಿಲ್ಲಿಸಿದವನೇ ದೊಡ್ಡವನೆಂದು ನಂಬಿ ಬೆಳೆದ ನಾನು, ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ, ಅರ್ಧ ಎಕರೆ ಬಾಳೆತೋಟದ ನೆಪದಲ್ಲಿ ನನ್ನದೂ ಒಂದಿರಲಿ ಎಂದು ಎದೆಮಟ್ಟದ ಕಲ್ಲುಗೋಡೆ ಎಬ್ಬಿಸಿದೆ. ಉದ್ಘಾಟನೆಗೆ ಬಂಡೂರು ಕುರಿಯ ಊಟವಾಯಿತು. ನಾನು ಮಾಡಿದ ಭಾಷಣವನ್ನು ಉಂಡವರು ಕೈ ತೊಳೆಯುವವರೆಗೂ ತಾಳಿಕೊಂಡರು. ನಿಂತ ನೀರು ಮಾತ್ರ ಪಕ್ಕದ ಮರಳಿನಲ್ಲಿ ಇಂಗಿ ಯಾರದೋ ಬಾವಿಗೆ ಹೋಯಿತು, ನನ್ನ ಬಾಳೆ ಒಣಗಿದಂತೆಯೇ ಒಣಗಿತು. ಆದರೂ ಸಂಜೆ ಹೊತ್ತು ಒಡ್ಡಿನ ಮೇಲೆ ಕುಳಿತು ನನ್ನ ಹೆಸರನ್ನು ಓದಿಕೊಳ್ಳುವುದರಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಎರಡು ಮಳೆಗಾಲ ಕಳೆದ ಮೇಲೆ ಕೆಂಪಮ್ಮ ಬಂದಳು. ಹಳ್ಳದ ಮೇಲ್ಗಡೆ, ಮಡುವಿನ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡು, ಮೀನು ಹಿಡಿದು ಸಂತೆಯಲ್ಲಿ ಮಾರಿ ಬದುಕುತ್ತಿದ್ದ ಹೆಂಗಸು, ಗಂಡ ಇರಲಿಲ್ಲ. ಮಡುವಿನಲ್ಲಿ ಮೀನೇ ಇಲ್ಲ, ಇನ್ನೊಂದು ಮಳೆಗಾಲವೂ ಹೀಗೇ ಆದರೆ ಬಲೆ ಮಾರಿ ಆಲೆಮನೆಗೆ ಕೂಲಿಗೆ ಹೋಗಬೇಕು ಎಂದಳು. ಅಷ್ಟನ್ನೇ ಹೇಳಿ ನನ್ನ ಮುಖ ನೋಡುತ್ತ ಕುಳಿತಳು.

ನನಗೆ ಅಷ್ಟು ಸಾಕಾಗಿತ್ತು. ಆ ವಾರವಷ್ಟೇ ತರಗತಿಯಲ್ಲಿ ಅಳಿವೆಯ ಪಾಠ ಮಾಡಿದ್ದೆ. ಕಡಲನ್ನು ಕಣ್ಣಿನಿಂದ ಕಾಣದಿದ್ದರೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಕಡಲು ಬರೆದಿದ್ದೆ. ಜಗಲಿಯ ಮೇಲೆ ಕೆಂಪಮ್ಮನಿಗೂ ಅದನ್ನೇ ಶುರುಮಾಡಿದೆ: ನದಿ ಕಡಲನ್ನು ಸೇರುವಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ, ಮೀನು ಸೀಗಡಿಗಳ ಮರಿಗಳಿಗೆ ಅದೇ ತೊಟ್ಟಿಲು, ದೊಡ್ಡ ದೊಡ್ಡ ಅಣೆಕಟ್ಟೆಗಳು ನೀರನ್ನೂ ಹೂಳನ್ನೂ ಮೇಲೆಯೇ ಹಿಡಿದುಕೊಂಡರೆ ಅಳಿವೆ ಬಡವಾಗುತ್ತದೆ, ಕಡಲಿನಲ್ಲಿ ಹುಟ್ಟಿ ಹೊಳೆಗೆ ಏರಿ ಬರುವ ಹಾವುಮೀನಿನಂಥವು ದಾರಿಯಿಲ್ಲದೆ ಹಿಂತಿರುಗುತ್ತವೆ, ಇದೆಲ್ಲ ಬಹಳ ದೊಡ್ಡ ಸಮಸ್ಯೆ, ನಾವು ನೀವು ಏನು ಮಾಡಲು ಸಾಧ್ಯ? ಜಯಮ್ಮ ತಂದಿಟ್ಟ ಕಾಫಿ ಆರಿಹೋಯಿತು. ಹಾವುಮೀನನ್ನು ತನ್ನ ತಾತ ಹಿಡಿಯುತ್ತಿದ್ದನಂತೆ, ತಾನು ಕಂಡಿಲ್ಲ ಎಂದಳು ಕೆಂಪಮ್ಮ. ಆಮೇಲೆ ಸೆರಗು ಕೊಡವಿ ಎದ್ದಳು.

"ಕಡ್ಲು ಅಷ್ಟು ದೂರದ್ದು, ಬುಡಿ ಮೇಷ್ಟ್ರೇ. ಮೊದ್ಲ ಮಳೆಗೆ ಮೊಟ್ಟೆ ಇಕ್ಕಾಕೆ ಮೀನು ಮೇಲಕ್ಕೆ ಏರ್ತವೆ. ನಿಮ್ಮ ಎಸ್ರು ಕೆತ್ತಿರೋ ಕಲ್ಲು ತಾವ ಬಂದು ಮೂತಿ ಬಡ್ಕಂಡು ಸಾಯ್ತವೆ. ಓಗಿ ನೋಡಿದ್ದೀರಾ?"

ನೋಡಿರಲಿಲ್ಲ. ಒಡ್ಡಿನ ಮೇಲೆ ಕುಳಿತಾಗಲೆಲ್ಲ ನನ್ನ ಕಣ್ಣು ಹೆಸರಿನ ಮೇಲಿರುತ್ತಿತ್ತು, ಕೆಳಗಿನ ಗುಂಡಿಯ ಮೇಲಲ್ಲ. ನನಗೆ ನಾಚಿಕೆಯಾಯಿತು. ಮೀನಿನ ವಿಷಯವನ್ನು ಮೀನು ಹಿಡಿಯುವವಳಿಗೆ ಒಂದು ಗಂಟೆ ಬೋಧಿಸಿದ ಮೇಲೆ ನಾಚಿಕೆಯಾಯಿತು. ಅವಳು ಹೋದ ಮೇಲೆ ಜಯಮ್ಮ ಆರಿದ ಕಾಫಿಯ ಲೋಟ ಎತ್ತಿಕೊಳ್ಳುತ್ತ, ಒಗೆಯುವ ಕಲ್ಲು ಒಡೆದು ಆರು ತಿಂಗಳಾಯಿತು, ಇನ್ನೊಂದು ತಂದುಕೊಡುವ ಯೋಗ್ಯತೆ ಈ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಗೋಡೆಗೆ ಹೇಳಿದಳು.

ಆ ಬೇಸಗೆಯಲ್ಲಿ ಒಡ್ಡು ಒಡೆಸುತ್ತೇನೆ ಎಂದಾಗ ಊರಿನಲ್ಲಿ ಎದ್ದ ಗುಲ್ಲು ಇಷ್ಟಷ್ಟಲ್ಲ. ಹೆಂಡ ಕುಡಿದಿದ್ದರೆ ಕ್ಷಮಿಸುತ್ತಿದ್ದರೇನೋ. ಕಟ್ಟಿದ ನೀರು ಬಿಚ್ಚುವವನನ್ನು ಮಂಡ್ಯದಲ್ಲಿ ಯಾರು ಕ್ಷಮಿಸುತ್ತಾರೆ? ಮೇಷ್ಟ್ರಿಗೆ ತಲೆ ಕೆಟ್ಟಿದೆಯೆಂದು ಹನಕೆರೆಯ ರೈಲ್ವೆ ಸ್ಟೇಷನ್ನಿನವರೆಗೂ ಸುದ್ದಿ ಹೋಯಿತು. ಮೊದಲ ಕಲ್ಲನ್ನು ನಾನೇ ಕೀಳಬೇಕೆಂಬ ಹಟದಲ್ಲಿ ಹಾರೆ ಹಾಕಿ ಮೀಟಿದೆ. ಕಲ್ಲು ಅಲುಗಲಿಲ್ಲ, ನನ್ನ ಸೊಂಟ ಅಲುಗಿತು. ಕೆಂಪಮ್ಮನ ಕಡೆಯ ನಾಲ್ವರು ಬಂದು ಮೂರು ದಿನದಲ್ಲಿ ಹಳ್ಳವನ್ನು ಬಿಡಿಸಿದರು. ಹೆಸರಿನ ಕಲ್ಲು ಗಾಡಿಯಲ್ಲಿ ಹಿತ್ತಲಿಗೆ ಬಂತು.

ಮುಂಗಾರಿನ ಮೊದಲ ನೀರಿಗೆ, ಎರಡು ವರ್ಷದಿಂದ ನನ್ನ ಗೋಡೆಯ ಹಿಂದೆ ಕೂತಿದ್ದ ಹೂಳೆಲ್ಲ ಕೆಂಪಗೆ ಕದಡಿ ಹೊರಟಿತು. ಛತ್ರಿ ಹಿಡಿದು ದಡದಲ್ಲಿ ನಿಂತು, ಈ ಮಣ್ಣು ಶಿಂಷೆಗೆ, ಶಿಂಷೆಯಿಂದ ಕಾವೇರಿಗೆ, ಕಾವೇರಿಯಿಂದ ಅಳಿವೆಗೆ ಎಂದು ಮನಸ್ಸಿನಲ್ಲೇ ಮೆರವಣಿಗೆ ಹೊರಡಿಸಿದೆ. ಆದರೆ ನಡುವೆ ನನ್ನದಕ್ಕಿಂತ ಎಷ್ಟೋ ಎತ್ತರದ ಗೋಡೆಗಳಿವೆ, ಅವುಗಳ ಮೇಲೆ ನನಗಿಂತ ದೊಡ್ಡವರ ಹೆಸರುಗಳಿವೆ. ನನ್ನ ಮಣ್ಣು ಅಲ್ಲೇ ಎಲ್ಲೋ ತಂಗಿತೆಂದು ಕಾಣುತ್ತದೆ. ಆ ಗೋಡೆಗಳು ಬೆಳೆಸಿದ ಅನ್ನವನ್ನೇ ಉಂಡು ಬೆಳೆದ ನಾನು ಅವುಗಳನ್ನು ಒಡೆಯಿರಿ ಎನ್ನಲಾರೆ. ಆ ದೊಡ್ಡವರ ಜಗಲಿಗೆ ಒಬ್ಬ ಕೆಂಪಮ್ಮ ಹೋಗಿ ಕೂರುವುದು ಸಾಧ್ಯವಾಗಿದ್ದರೆ ಎಂದು ಮಾತ್ರ ಒಮ್ಮೊಮ್ಮೆ ಅನ್ನಿಸುತ್ತದೆ.

ದೀಪಾವಳಿಗೆ ಇನ್ನೇನು ವಾರವಿದೆ ಎನ್ನುವಾಗ ಕೆಂಪಮ್ಮ ಒದ್ದೆ ಬುಟ್ಟಿ ಹೊತ್ತು ಹಿತ್ತಲಿನ ಬಾಗಿಲಿಗೆ ಬಂದಳು. ಬಲೆ ಮಾರಲಿಲ್ಲವೇ ಎಂದು ಕೇಳಿದೆ. ಇನ್ನೊಂದು ಹೆಣೆಯುತ್ತಿದ್ದೇನೆ ಎಂದಳು. ಜಯಮ್ಮ ಮೀನು ಎಲ್ಲಿ ಉಜ್ಜಲಿ ಎಂದು ಸುತ್ತ ನೋಡುವಷ್ಟರಲ್ಲಿ ಕೆಂಪಮ್ಮ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅದರ ಮೇಲೇ ಮೀನು ಉಜ್ಜತೊಡಗಿದಳು. ಅವಳು ಹೋದ ಮೇಲೆ ಬಗ್ಗಿ ನೋಡಿದೆ: ಶ್ರೀಯುತದಿಂದ ಹಿಡಿದು ಬಿ.ಎಡ್.ವರೆಗೆ ಪ್ರತಿ ಅಕ್ಷರದ ಗುಳಿಯಲ್ಲೂ ಮೀನಿನ ಹುರುಪೆ ತುಂಬಿ ಬಿಸಿಲಿಗೆ ಮಿನುಗುತ್ತಿತ್ತು. ಜಯಮ್ಮ ತೊಳೆಯಲು ಕೊಡದಲ್ಲಿ ನೀರು ತಂದಳು. ಇವತ್ತೊಂದು ದಿನ ಹಾಗೇ ಇರಲಿ ಎಂದೆ.