ಗುಲ್‌ಮೊಹರ್ ದಿಮ್ಮಿಯ ದುಂಬಿಗಳು

1981ರಲ್ಲಿ, ಏಳನೇ ಕ್ಲಾಸಿನ ನಡುವೆಯೇ ನಾನು ಓದು ನಿಲ್ಲಿಸಿ ಉಳಿ ಹಿಡಿದೆ. ಅದಕ್ಕೆ ಎಂದೂ ಬೇಜಾರಾಗಿಲ್ಲ. ಜಯನಗರದ ಎಷ್ಟೋ ಬಾಗಿಲುಗಳು ಇವತ್ತಿಗೂ ಮಳೆಗಾಲದಲ್ಲಿ ಬಿಗಿಯುವುದಿಲ್ಲ. ಅವು ನನ್ನ ಕೈಯವು. ಹೋದ ವಾರ ಒಂದು ಹಳೇ ಕಿಟಕಿಗೆ ಪುಟ್ಟಿ ಹಾಕಲು ಮರದ ಹೊಟ್ಟಿಗೆ ಅಂಟು ಕಲಸುತ್ತಿದ್ದೆ. ಆ ಹುಳಿ ವಾಸನೆಗೆ ಸೈನ್ಸ್ ಮೇಡಂ ನೆನಪಾದರು...

ಆಗ ನನ್ನ ಅಂಗಡಿ ಯಡಿಯೂರು ಕೆರೆಯ ಹತ್ತಿರ. ಎರಡು ಸಾವಿರದ ಒಂದೋ ಎರಡೋ ಇಸವಿ. ಮೇಡಂ ಪಕ್ಕದ ರಸ್ತೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ದುಂಬಿಗಳ ಸಂಶೋಧನೆ. ಅಂಗಡಿ ಮುಂದಿನ ಒಣ ಗುಲ್‌ಮೊಹರ್ ದಿಮ್ಮಿಯನ್ನು ಕರಿ ದುಂಬಿಗಳು ಕೊರೆದು ಗೂಡು ಮಾಡಿದ್ದವು. ಅದನ್ನು ಸೌದೆಗೆ ಸೀಳಲು ಹೊರಟಿದ್ದೆ. ಮೇಡಂ ಮೊಪೆಡ್ಡಿನಿಂದಲೇ ಕೂಗಿದರು.

"ಅಣ್ಣಾ, ಅದನ್ನ ಮುಟ್ಬೇಡಿ!"

"ಮೇಡಂ, ಇವು ನಮ್ಮ ಹೊಟ್ಟೆ ಮೇಲೆ ಹೊಡೆಯೋ ಜಾತಿ."

"ನಿಮ್ಮ ಬದನೆಕಾಯಿ ಪಲ್ಯಕ್ಕೆ ಇವೇ ಕಾರಣ! ಇವು ಹೂವಿಗೆ ಬಂದ್ರೆ ಕಾಯಿ ಚೆನ್ನಾಗಿ ಕಚ್ಚುತ್ತೆ."

ಊರಿನಲ್ಲಿ ಬಿಸಿಲು ಬೇಗ ಏರುತ್ತಿದೆ, ಮರಿಗಳೂ ಬೇಗ ಹೊರಬರುತ್ತವಾ ಎಂದು ನೋಡಬೇಕಿತ್ತಂತೆ. ಅವರು ಬಾಡಿಗೆ ಮನೆಯಲ್ಲಿಟ್ಟಿದ್ದ ಇಂಥದೇ ಗೂಡಿನ ದಿಮ್ಮಿಯನ್ನು ಓನರು ಬಚ್ಚಲ ಒಲೆಗೆ ಹಾಕಿದ್ದರು. ಆ ವರ್ಷ ಮೇಡಂಗೆ ರಿಟೈರ್‌ಮೆಂಟು. "ಮಕ್ಕಳಿಗೆ ಒಂದ್ಸಲ ಕಣ್ಣಾರೆ ತೋರಿಸ್ಬೇಕು ಅಣ್ಣ. ಇದೂ ಹೋದ್ರೆ ಆಗೋದಿಲ್ಲ."

ದಿಮ್ಮಿಯನ್ನು ಸೂರಿಗೆ ಕಟ್ಟಿದೆ. ಮೇಡಂ ದಿನಾ ನಿಂತು ವಿಚಾರಿಸುತ್ತಿದ್ದರು.

"ಯಾರು ಬಂದಿದ್ರು ಇವತ್ತು?"

"ಒಬ್ಳು ಬಂದ್ಲು ಮೇಡಂ, ಬೆಲ್ಲೂ ಮಾಡ್ದೆ ಒಳಗೆ ಹೋದ್ಲು."

ಯುಗಾದಿಗೆ ಮುಂಚೆ ಬಾಗಿಲುಗಳ ರಾಶಿ ಕೆಲಸ. ಸಂಜೆಯವರೆಗೂ ಪುಟ್ಟಿ ಹಾಕುತ್ತಾ ಬಂದೆ... ಮರದಲ್ಲಿ ತೂತು ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಬಾಗಿಲು ಮುಗಿದ ಮೇಲೆ ದಿಮ್ಮಿಯ ತೂತುಗಳಿಗೂ ಮೆತ್ತಿ, ಉಪ್ಪುಕಾಗದ ಹಿಡಿದು ನಯಮಾಡಿ ಮನೆಗೆ ಹೋದೆ.

ಬೆಳಿಗ್ಗೆ ಮೇಡಂ ನೋಡಿದರು. "ಅಣ್ಣಾ... ಇದೇನ್ ಮಾಡಿದ್ರಿ?"

"ನೀಟಾಗಿ..." ಅಂದೆ. ಉಳಿ ತೆಗೆದೆ.

"ಉಳಿ ಬೇಡ! ಒಳಗೆ ಮರಿಗಳಿಗೆ ತಗುಲುತ್ತೆ." ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ದಿಮ್ಮಿಗೆ ಕಿವಿಯಿಟ್ಟರು. ಆಮೇಲೆ ನನ್ನನ್ನೂ ಕರೆದರು. ಒಳಗೆ ಕರಕರ, ಕರಕರ. ಸಣ್ಣ ಗರಗಸದ ಸದ್ದು! ಮೇಡಂ ಆ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದು ಸ್ಕೂಲಿಗೆ ಓಡಿದರು, ಇಡೀ ಕ್ಲಾಸನ್ನು ಕರೆತಂದರು.

ಪುಟ್ಟಿ ಬಿರಿಯಿತು. ಕರಿ ತಲೆಯೊಂದು ಇಣುಕಿತು, ಆಮೇಲೆ ನೀಲಿ ಹೊಳೆಯುವ ಹೊಸ ರೆಕ್ಕೆ. ಹಿಂದೆಯೇ ಇನ್ನೊಂದು, ಮತ್ತೊಂದು. ಮಕ್ಕಳ ಕೂಗಿಗೆ ಬೀದಿಯೇ ಸೇರಿತು.

"ಅಂಕಲ್, ನಿಮ್ ಪುಟ್ಟಿ ವೇಸ್ಟು!" ಅಂದಳು ಒಬ್ಬಳು. ನನ್ನ ಕೆಲಸವನ್ನು ಯಾರಾದರೂ ಆಡಿಕೊಂಡರೆ ಸುಮ್ಮನಿರುವವನಲ್ಲ ನಾನು. ಅವತ್ತು ಹೊಟ್ಟೆ ಹಿಡಿದು ನಕ್ಕೆ.

ಮೇಡಂ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು: "ಗೂಡೊಳಗೆ ಮರಿಗೂ ಮರಿಗೂ ಮಧ್ಯೆ ತಾಯಿ ಗೋಡೆ ಕಟ್ಟೋದೂ ಮರದ ಹೊಟ್ಟಲ್ಲೇ ಅಣ್ಣ. ನಿಮ್ಮದನ್ನ ಇನ್ನೊಂದು ಗೋಡೆ ಅಂದ್ಕೊಂಡ್ವು, ಅಷ್ಟೇ."

ಮೇಡಂ ತೀರಿಕೊಂಡು ಕೆಲವು ವರ್ಷಗಳಾದವು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮಣ್ಣಿಗೂ ಹೋಗಲಾಗಲಿಲ್ಲ... ಈಗ ನನಗೆ ಸ್ವಂತ ಅಂಗಡಿ ಒಂದು, ಮೆಷೀನು ಮೂರು, ಕೆಲಸದವರು ಐದು ಜನ, ಓದು ಮುಗಿಸಿದ ಹೆಣ್ಣುಮಕ್ಕಳು ಇಬ್ಬರು. ಮೇಡಂ ಒಬ್ಬರೇ ಇಲ್ಲ.